ತಾಜ್ ಸುಲ್ತಾನಪುರ ಸ್ಟೇಷನ್ ಹತ್ತಿರದ 30×40 ಸೈಟು

ಸರ್, 'ಸ್ಟೇಷನ್ ಸುಧಾರಣೆ ಆದ್ರ ರೇಟು ಡಬಲ್' ಅನ್ನೋ ಏಜೆಂಟ್ ಮಾತು ನಂಬಿ ಸೈಟ್ ತಗೋಬೇಕಾ ಅಂತ ಕೇಳೀರಿ. ಆ ಏರಿಕೆ ಅವರು ಹೇಳೋ ದರದಾಗ ಈಗಾಗಲೇ ಸೇರಿರ್ತದ. ಈ ಸ್ಟೇಷನ್ ಇರೋ ಬೀದರ್–ಕಲಬುರಗಿ ರೈಲು ಮಾರ್ಗ 2017ರಾಗೇ ಶುರುವಾಗ್ಯದ. ಪ್ಲಾಟ್‌ಫಾರ್ಮಿಗೆ ಟೈಲ್ಸ್ ಹಾಕಿದ್ರ ಬಾಡಿಗೆದಾರರು ಬರಂಗಿಲ್ಲ. ಮುಂಜಾನೆ ಹೋಗಿ ಸಂಜೀಗೆ ಮರಳೋಕೆ ರೈಲಿದ್ರ ಬರ್ತಾರ. ಮೊದಲು ವೇಳಾಪಟ್ಟಿ ನೋಡ್ರಿ.

ಪಹಣಿಯ 11ನೇ ಕಾಲಂ (ಸಾಲ, ಇತರರ ಹಕ್ಕು ತೋರಿಸೋದು), ಎನ್‌ಎ ಆದೇಶ (ಕೃಷಿಯೇತರ ಬಳಕೆಗೆ ಭೂಪರಿವರ್ತನೆ), ನಗರಾಭಿವೃದ್ಧಿ ಪ್ರಾಧಿಕಾರ ಮಂಜೂರು ಮಾಡಿದ ಲೇಔಟ್ ನಕ್ಷೆ, 30 ವರ್ಷದ ಇಸಿ (ಋಣಭಾರ ಪತ್ರ), ಇವನ್ನ ನೋಡದೆ ಮುಂಗಡ ಕೊಡಬ್ಯಾಡ್ರಿ. ರೈಲ್ವೆ ಗಡಿಯಿಂದ 30 ಮೀಟರ್ ಒಳಗಿದ್ರ ಮನೆ ಕಟ್ಟೋಕೆ ರೈಲ್ವೆಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಟೇಪು ರೈಲ್ವೆಯ ಗಡಿಕಲ್ಲಿನಿಂದ ಹಿಡೀರಿ, ಹಳಿಯಿಂದ ಅಲ್ಲ. ಇಲ್ಲೇ ಬಹಳ ಮಂದಿ ಎಡವೋದು. ಸೈಟಿನ ದಾರ್ಯಾಗ ರೈಲ್ವೆ ಕೆಳಸೇತುವೆ ಇದ್ರ ದೊಡ್ಡ ಮಳೆ ಆದ ಮರುದಿನ ಹೋಗ್ರಿ. ಗೋಡೆ ಮ್ಯಾಲಿನ ಕೆಸರಿನ ಗೆರೆ ಮೊಣಕಾಲು ದಾಟಿದ್ರ, ರೇಟು ಇಳಿಸಿ ಕೇಳ್ರಿ.