ನೀವು ಹೇಳಿದ ಸುಳ್ಳು ಯಾವುದು?

ಪರೀಕ್ಷೆ ಮುಗಿದು ಹೊಸಬರು ಕೆಲಸಕ್ಕೆ ಸೇರುವ ಕಾಲ ಬಂದರೆ ಸಾಕು, ಒಂದೇ ಪತ್ರ ಹತ್ತಾರು ಕೈಬರಹಗಳಲ್ಲಿ ನನ್ನ ಮೇಜಿಗೆ ಬಂದು ಬೀಳುತ್ತದೆ: ‘ನನಗೆ ಇಂಪೋಸ್ಟರ್ ಸಿಂಡ್ರೋಮ್ ಇದೆ, ಪರಿಹಾರ ತಿಳಿಸಿ.’ ಅಂದರೆ, ಯೋಗ್ಯತೆಯಿಲ್ಲದೆ ಎಲ್ಲರನ್ನೂ ವಂಚಿಸುತ್ತಿದ್ದೇನೆ, ಇಂದಲ್ಲ ನಾಳೆ ಸಿಕ್ಕಿಬೀಳುತ್ತೇನೆ ಎಂಬ ಅಳುಕು. ರೋಗವನ್ನು ನೀವೇ ಪತ್ತೆ ಮಾಡಿಕೊಂಡ ಮೇಲೆ ಮದ್ದನ್ನೂ ನೀವೇ ಬರೆದುಕೊಳ್ಳಬಹುದಿತ್ತು. ಈ ಹಿಂದೆಯೂ ಉತ್ತರಿಸಿದ್ದೇನೆ. ಪತ್ರಗಳು ನಿಂತಿಲ್ಲವಾದ್ದರಿಂದ ಇನ್ನೊಮ್ಮೆ.

ಪ್ರಶ್ನೆ: ಮೊದಲ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಯಿತು. ಕಾಲೇಜಿನಲ್ಲಿ ಯಾವಾಗಲೂ ನಾನೇ ಮೊದಲು. ಇಲ್ಲಿ ಸಭೆಗಳಲ್ಲಿ ಅರ್ಧ ಮಾತು ಅರ್ಥವಾಗುವುದಿಲ್ಲ, ಕೇಳಿದರೆ ಸಿಕ್ಕಿಬೀಳುತ್ತೇನೆಂದು ಕೇಳುವುದೂ ಇಲ್ಲ. ರಾತ್ರಿ ಎರಡರವರೆಗೆ ಕುಳಿತು ಎಲ್ಲವನ್ನೂ ಮೂರು ಸಲ ತಿದ್ದುತ್ತೇನೆ. ಕಳೆದ ವಾರ ಮೇಲಧಿಕಾರಿ ಎಲ್ಲರೆದುರು ಹೊಗಳಿದರು. ಅಂದಿನಿಂದ ಹೆದರಿಕೆ ಇಮ್ಮಡಿಯಾಗಿದೆ. ಬಣ್ಣ ಬಯಲಾಗುವ ಮುನ್ನ ನಾನೇ ಕೆಲಸ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಬಣ್ಣ ಬಯಲಾಗಬೇಕಾದರೆ ಮೊದಲು ಬಣ್ಣ ಹಚ್ಚಿಕೊಂಡಿರಬೇಕು. ನೀವು ಹೇಳಿದ ಸುಳ್ಳು ಯಾವುದು? ಇಲ್ಲದ ಅಂಕ ಬರೆದಿರಾ? ಬೇರೆಯವರ ಪ್ರಾಜೆಕ್ಟನ್ನು ನಿಮ್ಮದೆಂದು ತೋರಿಸಿದಿರಾ? ಮೂರು ಪುಟದ ಪತ್ರದಲ್ಲಿ ಅಂಥದೊಂದೂ ನನಗೆ ಕಾಣಲಿಲ್ಲ. ತಿಳಿಯದಿರುವುದು ಬೇರೆ, ವಂಚಿಸುವುದು ಬೇರೆ. ಅನುಭವವಿಲ್ಲದವರು ಬೇಕೆಂದು ಕರೆದು, ಅನುಭವವಿಲ್ಲದವರ ಸಂಬಳ ಕೊಟ್ಟು ನಿಮ್ಮನ್ನು ತೆಗೆದುಕೊಂಡಿದ್ದಾರೆ. ನಿಮಗೆ ಗೊತ್ತಿಲ್ಲ ಎಂಬುದು ಅವರಿಗೆ ಮೊದಲೇ ಗೊತ್ತು.

ಈ ‘ಸಿಂಡ್ರೋಮ್’ ಎಂಬ ಹಣೆಪಟ್ಟಿಯನ್ನೂ ಕಿತ್ತುಹಾಕೋಣ. 1978ರಲ್ಲಿ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಎಂಬ ಇಬ್ಬರು ಮನಃಶಾಸ್ತ್ರಜ್ಞೆಯರು 150ಕ್ಕೂ ಹೆಚ್ಚು ಸಾಧಕ ಮಹಿಳೆಯರನ್ನು ಗಮನಿಸಿ ಇದರ ಬಗ್ಗೆ ಬರೆದಾಗ ಬಳಸಿದ ಪದ ‘ಫಿನಾಮಿನನ್’, ಅಂದರೆ ಕಂಡುಬರುವ ಒಂದು ಸಂಗತಿ. ಸಿಂಡ್ರೋಮ್ ಎಂಬುದು ಆಮೇಲೆ ಅಂಟಿಕೊಂಡಿತು. ಅಮೆರಿಕದ ಮನೋವೈದ್ಯರ ಸಂಘದ ಡಿಎಸ್‌ಎಂನಲ್ಲಾಗಲಿ, ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿಯಲ್ಲಾಗಲಿ, ಅಂದರೆ ವೈದ್ಯರು ನೆಚ್ಚುವ ರೋಗಗಳ ಪಟ್ಟಿಗಳಲ್ಲಿ, ಇಂಥ ಕಾಯಿಲೆಯೇ ಇಲ್ಲ. ಇಲ್ಲದ ಕಾಯಿಲೆಯನ್ನು ಆರು ವಾರದಲ್ಲಿ ಗುಣಪಡಿಸುವ ಅಡ್ಡಕಸುಬಿಗಳು ಮಾತ್ರ ಧಾರಾಳವಾಗಿ ಇದ್ದಾರೆ.

ಹಾಗೆಂದು ನಿಮ್ಮ ಸಂಕಟ ಸುಳ್ಳಲ್ಲ. ಕ್ಲಾನ್ಸ್ ವಿವರಿಸಿದ ಗಾಣಕ್ಕೆ ನೀವು ಸಿಕ್ಕಿಕೊಂಡಿದ್ದೀರಿ. ಕೆಲಸ ಬರುತ್ತದೆ, ಹೆದರುತ್ತೀರಿ, ಬೇಕಾದ್ದಕ್ಕಿಂತ ಮೂರು ಪಟ್ಟು ದುಡಿಯುತ್ತೀರಿ. (ಕೆಲವರು ಇದೇ ಹೆದರಿಕೆಯಿಂದ ಕೊನೆಯ ದಿನದವರೆಗೆ ಮುಂದೂಡುತ್ತಾರೆ, ಗಾಣ ಅದೇ.) ಕೆಲಸ ಚೆನ್ನಾಗಿ ಆಗುತ್ತದೆ. ಆಗ ನಿಮ್ಮ ಮನಸ್ಸು ಲೆಕ್ಕ ಬರೆದುಕೊಳ್ಳುತ್ತದೆ: ‘ರಾತ್ರಿ ಎರಡರವರೆಗೆ ಕುಳಿತಿದ್ದಕ್ಕೆ ಬಚಾವಾದೆ.’ ಕಾಗೆ ಕೂತಿತು, ಕೊಂಬೆ ಮುರಿಯಿತು. ಹತ್ತು ಗಂಟೆಗೆ ಮಲಗಿದ್ದರೆ ಏನಾಗುತ್ತಿತ್ತು ಎಂದು ನೀವು ಒಮ್ಮೆಯೂ ನೋಡಿಲ್ಲವಾದ್ದರಿಂದ ಆ ಲೆಕ್ಕ ತಪ್ಪೆಂದು ತಿಳಿಯುವ ದಾರಿಯೇ ಇಲ್ಲ. ಹೊಗಳಿಕೆಯಿಂದ ಹೆದರಿಕೆ ಹೆಚ್ಚಿದ್ದೂ ಇದಕ್ಕೇ. ಅದು ನಿಮ್ಮ ಖಾತೆಗೆ ಜಮೆಯಾಗಲಿಲ್ಲ, ರಾತ್ರಿಯ ದುಡಿಮೆಯ ಖಾತೆಗೆ ಹೋಯಿತು. ಮುಂದಿನ ಸಲ ಇನ್ನೂ ಒಂದು ಗಂಟೆ ಹೆಚ್ಚು ಕೂರಬೇಕೆಂಬ ಸಾಲವಷ್ಟೇ ನಿಮ್ಮ ಪಾಲಿಗೆ ಉಳಿಯಿತು.

ಮೊದಲ ಸ್ಥಾನದವರು ಇದಕ್ಕೆ ಬೇಗ ಸಿಗುತ್ತಾರೆ. ಹದಿನೈದು ವರ್ಷ ಅವರಿಗೆ ಪಠ್ಯ, ಪರೀಕ್ಷೆಯ ದಿನಾಂಕ, ನೂರಕ್ಕೆ ಇಷ್ಟು ಎಂಬ ಅಂಕ ಸಿಕ್ಕಿರುತ್ತದೆ. ಕೆಲಸದಲ್ಲಿ ಪಠ್ಯವೂ ಇಲ್ಲ, ಅಂಕಪಟ್ಟಿಯೂ ಇಲ್ಲ. ಅಂಕ ಹೇಳುವವರಿಲ್ಲದ ಕಡೆ ನೀವೇ ಸೊನ್ನೆ ಹಾಕಿಕೊಳ್ಳುತ್ತಿದ್ದೀರಿ.

ಹಾಗಾದರೆ ಮಾಡುವುದೇನು? ಧೈರ್ಯ ಬರಲಿ ಎಂದು ಕಾಯಬೇಡಿ, ಪರೀಕ್ಷೆ ಮಾಡಿ ನೋಡಿ. ಬರುವ ವಾರ ಒಂದು ಸಣ್ಣ ಕೆಲಸವನ್ನು ಆರಿಸಿಕೊಳ್ಳಿ. ಕೆಟ್ಟರೂ ಯಾರಿಗೂ ನಷ್ಟವಾಗದಂಥದ್ದು. ಅದಕ್ಕೆ ಎರಡು ಗಂಟೆ ಸಾಕೆನಿಸಿದರೆ ಎರಡೇ ಗಂಟೆ. ಒಂದೇ ಸಲ ತಿದ್ದಿ. ಕಳುಹಿಸುವ ಮೊದಲು ಏನಾಗಬಹುದೆಂದು ಒಂದು ಚೀಟಿಯಲ್ಲಿ ಬರೆದಿಡಿ: ‘ಬೈಯುತ್ತಾರೆ’, ‘ನನ್ನಿಂದ ಕೆಲಸ ಕಿತ್ತುಕೊಳ್ಳುತ್ತಾರೆ’, ಏನಿದ್ದರೆ ಅದು. ನಾಲ್ಕು ದಿನ ಬಿಟ್ಟು ಚೀಟಿ ತೆರೆದು, ಆದದ್ದನ್ನು ಪಕ್ಕದಲ್ಲಿ ಬರೆಯಿರಿ. ಬರೆಯದೆ ಮನಸ್ಸಿನಲ್ಲೇ ಇಟ್ಟುಕೊಂಡರೆ ಪ್ರಯೋಜನವಿಲ್ಲ. ಫಲಿತಾಂಶ ಬಂದ ಮೇಲೆ ಮನಸ್ಸು ತನ್ನ ಹಳೆಯ ಭವಿಷ್ಯವನ್ನು ತಿದ್ದಿಬಿಡುತ್ತದೆ. ಹೀಗೆ ಏಳೆಂಟು ಚೀಟಿಗಳಾಗಲಿ, ಆಮೇಲೆ ನನಗೆ ಬರೆಯಿರಿ. ಕೆಲವು ಚೀಟಿಗಳು ನಿಜವೂ ಆಗುತ್ತವೆ. ಒಳ್ಳೆಯದೇ, ನೀವು ಕಲಿಯಬೇಕಾದ್ದು ಯಾವುದೆಂದು ಆಗ ತಿಳಿಯುತ್ತದೆ.

ಸಭೆಯಲ್ಲಿ ಬಾಯಿ ಬಿಡದಿರುವುದು ಮಾತ್ರ ಇಂದೇ ನಿಲ್ಲಲಿ. ಅರ್ಧ ಗಂಟೆ ಒಬ್ಬರೇ ತಿಣುಕಿ, ಆಗದಿದ್ದರೆ ಕೇಳಿ. ಏನೇನು ಮಾಡಿ ನೋಡಿದಿರಿ ಎಂಬುದನ್ನೂ ಸೇರಿಸಿ ಕೇಳಿ. ನಾಲ್ಕನೇ ತಿಂಗಳಲ್ಲಿ ‘ಈ ಪದದ ಅರ್ಥವೇನು’ ಎಂದರೆ ಯಾರಿಗೂ ನೆನಪಿರುವುದಿಲ್ಲ. ಎರಡನೇ ವರ್ಷದಲ್ಲಿ ಅದನ್ನೇ ಕೇಳಿದರೆ ಎಲ್ಲರಿಗೂ ನೆನಪಿರುತ್ತದೆ.

ತರಬೇತಿಯ ದಿನಗಳಲ್ಲಿ ನಾನು ಔಷಧಿಯ ಪ್ರಮಾಣ ನೋಡುವ ಪುಸ್ತಕವನ್ನು ಶೌಚಾಲಯಕ್ಕೆ ಒಯ್ದು, ಕದ್ದು ಓದಿ ಬರುತ್ತಿದ್ದೆ. ಒಂದು ದಿನ ನಮ್ಮ ಹಿರಿಯ ವೈದ್ಯರು ರೋಗಿಯ ಎದುರೇ ಅದೇ ಪುಸ್ತಕ ತೆರೆದು, ಬೆರಳಿಟ್ಟು ಸಾಲು ಹುಡುಕಿ, ಚೀಟಿ ಬರೆದರು. ರೋಗಿ ಎದ್ದು ಹೋಗಲಿಲ್ಲ. ‘ಸರಿಯಾಗಿ ನೋಡಿ ಕೊಡುತ್ತಾರೆ’ ಎಂದು ಹೊರಗೆ ಕುಳಿತಿದ್ದ ಮಗನಿಗೆ ಹೇಳಿದನಂತೆ.

ಇನ್ನೊಂದು ಮಾತು, ಇದರಲ್ಲಿ ರಿಯಾಯಿತಿಯಿಲ್ಲ. ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ ಕೆಟ್ಟಿದ್ದರೆ, ಊಟ ಆಟ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಬದುಕೇ ಬೇಡವೆನಿಸಿದರೆ, ಚೀಟಿ ಬರೆಯುತ್ತಾ ಕೂರಬೇಡಿ. ಅದು ಖಿನ್ನತೆಯಿರಬಹುದು. ಅದಕ್ಕೆ ಚಿಕಿತ್ಸೆಯಿದೆ. ಸಾಯುವ ಯೋಚನೆ ಬಂದಿದ್ದರೆ ನಾಳೆಗೆ ಮುಂದೂಡದೆ ಇಂದೇ ವೈದ್ಯರನ್ನು ಕಾಣಿ.

ಪ್ರಶ್ನೆ: ದಿನವೂ ಕನ್ನಡಿಯ ಮುಂದೆ ‘ನಾನು ಸಮರ್ಥ’ ಎಂದು ಹೇಳಿಕೊಂಡು, ಸೊಂಟದ ಮೇಲೆ ಕೈಯಿಟ್ಟು ಎರಡು ನಿಮಿಷ ನಿಲ್ಲಲು ತರಬೇತುದಾರರು ಹೇಳಿದ್ದಾರೆ. ಮುಂದುವರಿಸಲೇ?

ಉತ್ತರ: ಶುಲ್ಕ ವಾಪಸು ಕೇಳಿ. ಇಂಥ ಘೋಷಣೆಗಳು ಆತ್ಮಗೌರವ ಕಡಿಮೆಯಿರುವವರ ಮನಸ್ಸನ್ನು ಇನ್ನಷ್ಟು ಕುಗ್ಗಿಸಬಹುದೆಂದು 2009ರಲ್ಲಿ ಜೋಆನ್ ವುಡ್ ಮತ್ತು ಸಂಗಡಿಗರ ಅಧ್ಯಯನ ತೋರಿಸಿತು. ಸೊಂಟದ ಮೇಲೆ ಕೈಯಿಡುವಂಥ ಠೀವಿಯ ಭಂಗಿಗಳು ಹೆಸರಾದದ್ದು, ಅವು ಹಾರ್ಮೋನುಗಳನ್ನೇ ಬದಲಿಸುತ್ತವೆ ಎಂದ 2010ರ ಒಂದು ಸಣ್ಣ ಪ್ರಯೋಗದಿಂದ. 2015ರಲ್ಲಿ 200 ಜನರ ಮೇಲೆ ಮತ್ತೆ ಪ್ರಯೋಗಿಸಿದಾಗ ಹಾರ್ಮೋನುಗಳು ಅಲುಗಾಡಲಿಲ್ಲ. ಮೊದಲ ಲೇಖನದ ಪ್ರಧಾನ ಲೇಖಕಿ ಡೇನಾ ಕಾರ್ನಿಯವರೇ ಆ ಪರಿಣಾಮ ನಿಜವೆಂದು ತಾವು ನಂಬುವುದಿಲ್ಲವೆಂದು 2016ರಲ್ಲಿ ಬರೆದರು. ತರಬೇತುದಾರರಿಗೆ ಸುದ್ದಿ ಇನ್ನೂ ತಲುಪಿಲ್ಲ.

ಪ್ರಶ್ನೆ: ಅಂತರ್ಜಾಲದ ಪರೀಕ್ಷೆಯಲ್ಲಿ ನನಗೆ ‘ತೀವ್ರ’ ಎಂದು ಬಂದಿದೆ. ಎಷ್ಟು ಅಪಾಯ?

ಉತ್ತರ: 62 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2020ರ ಪರಿಶೀಲನೆಯಲ್ಲಿ ಈ ಭಾವನೆ ಇರುವವರ ಪ್ರಮಾಣ ಒಂದು ಕಡೆ ಶೇ 9, ಇನ್ನೊಂದು ಕಡೆ ಶೇ 82 ಎಂದಿತ್ತು, ಯಾವ ಅಳತೆಗೋಲು, ಎಲ್ಲಿ ಗೆರೆ ಎಂಬುದರ ಮೇಲೆ ಹೋಗುತ್ತದೆ. ಇಂಥ ಅಳತೆಪಟ್ಟಿ ಹಿಡಿದ ದರ್ಜಿಗೆ ನೀವು ಬಟ್ಟೆ ಕೊಡುತ್ತೀರಾ?

ಪ್ರಶ್ನೆ: ಭಾಷಣಕ್ಕೆ ಮುನ್ನ ಕೈ ನಡುಗದಿರಲು ಗೆಳೆಯ ಪ್ರೊಪ್ರನಲಾಲ್ ಮಾತ್ರೆ ಕೊಡುತ್ತಾನೆ. ತೆಗೆದುಕೊಳ್ಳಬಹುದೇ?

ಉತ್ತರ: ಬೇಡ, ಆಸ್ತಮಾ ಇರುವವರಿಗೆ ಅದು ಪ್ರಾಣಕ್ಕೇ ಕುತ್ತು, ನಿಮ್ಮ ಗೆಳೆಯ ವೈದ್ಯನೂ ಅಲ್ಲ.

ಪ್ರಶ್ನೆ: ತಂಡದಲ್ಲಿ ನಾನೊಬ್ಬಳೇ ಹೆಣ್ಣುಮಗಳು. ನಾನು ಹೇಳಿದ್ದನ್ನು ಯಾರೂ ಕೇಳುವುದಿಲ್ಲ, ಹತ್ತು ನಿಮಿಷದ ನಂತರ ಅದನ್ನೇ ಬೇರೆಯವರು ಹೇಳಿದರೆ ತಲೆಯಾಡಿಸುತ್ತಾರೆ. ದೂರಿದಾಗ ‘ನಿನಗೆ ಇಂಪೋಸ್ಟರ್ ಸಿಂಡ್ರೋಮ್’ ಎಂದರು.

ಉತ್ತರ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಿಮ್ಮ ಕಿವಿ ಸರಿಯಾಗಿಯೇ ಕೇಳಿಸಿಕೊಳ್ಳುತ್ತಿದೆ, ಚಿಕಿತ್ಸೆ ಬೇಕಿರುವುದು ಆ ಸಭೆಗೆ. ಇನ್ನು ಮುಂದೆ ನಿಮ್ಮ ಸಲಹೆಯನ್ನು ಸಭೆಗೆ ಮೊದಲೇ ಲಿಖಿತವಾಗಿ ಎಲ್ಲರಿಗೂ ಕಳುಹಿಸಿ. ದಿನಾಂಕ ಸಮೇತ ದಾಖಲೆ ಇಟ್ಟುಕೊಳ್ಳಿ. ಆರು ತಿಂಗಳಲ್ಲಿ ಬದಲಾಗದಿದ್ದರೆ ಬೇರೆ ಕೆಲಸ ನೋಡಿ. ಎಲ್ಲರಿಗೂ ‘ಬಿಡಬೇಡಿ’ ಎನ್ನುವ ನಾನು ನಿಮಗೆ ಮಾತ್ರ ಹಾಗೆನ್ನುವುದಿಲ್ಲ.

ಪ್ರಶ್ನೆ: ಇದು ಪೂರ್ತಿ ಹೋಗುವುದು ಯಾವಾಗ?

ಉತ್ತರ: ಬಡ್ತಿ ಸಿಕ್ಕ ದಿನ ಮತ್ತೆ ಬರುತ್ತದೆ, ಚೀಟಿಗಳನ್ನು ಎಸೆಯಬೇಡಿ.

ಪ್ರಶ್ನೆ: ಬಾರದ ಒಂದು ಸಾಫ್ಟ್‌ವೇರನ್ನು ಬರುತ್ತದೆಂದು ಅರ್ಜಿಯಲ್ಲಿ ಬರೆದಿದ್ದೆ. ಕೆಲಸ ಸಿಕ್ಕಿತು. ಈಗ ಎದೆ ಡವಗುಟ್ಟುತ್ತದೆ. ಇದೂ ಅದೇ ಸಿಂಡ್ರೋಮೇ?

ಉತ್ತರ: ಅಲ್ಲ. ಇದು ಸುಳ್ಳು. ಈ ಬಾರಿ ಬರೆದವರಲ್ಲಿ ಹೆದರಲು ಕಾರಣವಿರುವವರು ನೀವೊಬ್ಬರೇ. ಇಂದು ಸಂಜೆಯಿಂದಲೇ ಕಲಿಯಲು ಕುಳಿತುಕೊಳ್ಳಿ. ಆ ಸಾಫ್ಟ್‌ವೇರ್ ಬೇಕಾದ ಕೆಲಸ ಕೈಗೆ ಬರುವ ಮುನ್ನವೇ ಮೇಲಧಿಕಾರಿಯ ಬಳಿ ಹೋಗಿ, ‘ನಾನು ಬರೆದಷ್ಟು ನನಗೆ ಬರುವುದಿಲ್ಲ, ಕಲಿಯುತ್ತಿದ್ದೇನೆ, ಇಷ್ಟು ದಿನ ಬೇಕು’ ಎಂದು ಹೇಳಿ. ಬೈಗುಳ ಬೀಳಬಹುದು, ಕೆಲಸವೇ ಹೋಗಲೂಬಹುದು. ಅವರೇ ಕಂಡುಹಿಡಿದರೆ ಇನ್ನೂ ಕಷ್ಟ.