ಮೊದಲು ಮಿಕ್ಸಿಗೆ ಜಾಗ ಹುಡುಕಿ, ಫ್ರಿಜ್‌ಗೆ ಆಮೇಲೆ

ನಿಮ್ಮ ಪ್ರಶ್ನೆಯಿಂದ ನಾನು ತಿಳಿದುಕೊಂಡದ್ದು ಇಷ್ಟು: 30x40 ನಿವೇಶನದಲ್ಲಿ ಮನೆ ಕಟ್ಟಿಸುತ್ತಿದ್ದೀರಿ. ಅಡುಗೆಮನೆ ಆಗ್ನೇಯದಲ್ಲಿದೆ, 10 ಅಡಿ ಉದ್ದ, 8 ಅಡಿ ಅಗಲ. ಪೂರ್ವದ ಉದ್ದ ಗೋಡೆಗೂ ದಕ್ಷಿಣದ ಗೋಡೆಗೂ ಸೇರಿ ‘ಎಲ್’ ಆಕಾರದ ಕಟ್ಟೆ ಬರುತ್ತದೆ, ಬಾಗಿಲು ಪಶ್ಚಿಮಕ್ಕಿದೆ. ಮುಂದಿನ ವಾರ ಎಲೆಕ್ಟ್ರಿಷಿಯನ್ ಗೋಡೆ ಕೊರೆಯಲು ಬರುತ್ತಾರೆ. ಫ್ರಿಜ್, ಮಿಕ್ಸಿ, ಗ್ರೈಂಡರ್, ಓವನ್, ನೀರಿನ ಫಿಲ್ಟರ್ ಎಲ್ಲೆಲ್ಲಿ ಎಂದು ಅಷ್ಟರೊಳಗೆ ಹೇಳಬೇಕು. ಸರಿಯಾದ ಹೊತ್ತಿಗೆ ಕೇಳಿದ್ದೀರಿ. ಈಗ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರೆ ಸಾಕು. ಟೈಲ್ಸ್ ಕೂತ ಮೇಲೆ ಅದೇ ಬದಲಾವಣೆಗೆ ಗೋಡೆ ಒಡೆಸಬೇಕಾಗುತ್ತದೆ.

ಅಡುಗೆಮನೆಯ ಯೋಜನೆ ಎಂದೊಡನೆ ಎಲ್ಲರೂ ತ್ರಿಕೋನದ ಸೂತ್ರ ಹೇಳುತ್ತಾರೆ. ಫ್ರಿಜ್, ಸಿಂಕ್, ಒಲೆ ಮೂರು ಮೂಲೆಗಳು. ಒಂದೊಂದು ಬದಿ 4ರಿಂದ 9 ಅಡಿ, ಮೂರೂ ಸೇರಿ 26 ಅಡಿ ದಾಟಬಾರದು. 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಲೆಕ್ಕ ಅದು. ತಪ್ಪೇನಲ್ಲ. ಆದರೆ ಅದರಲ್ಲಿ ರುಬ್ಬುವ ಕೆಲಸಕ್ಕೆ ಜಾಗವೇ ಇಲ್ಲ. ಬೆಳಿಗ್ಗೆ ಚಟ್ನಿ, ಮಧ್ಯಾಹ್ನ ಹುಳಿಗೆ ಮಸಾಲೆ, ಸಂಜೆ ದೋಸೆಗೆ ಹಿಟ್ಟು ಎಂದು ನಡೆಯುವ ಮನೆಯಲ್ಲಿ ನಾಲ್ಕನೆಯ ಮೂಲೆಯೊಂದು ಇದ್ದೇ ಇರುತ್ತದೆ. ನಮ್ಮ ಅಡುಗೆಮನೆಗಳು ಎಡವುವುದೂ ಅಲ್ಲಿಯೇ.

ನಮ್ಮ ಮನೆಯಲ್ಲಿ ಮಿಕ್ಸಿಯ ಪ್ಲಗ್ ಪಾಯಿಂಟ್ ಬಾಗಿಲ ಪಕ್ಕ ಬಂತು, ಸಿಂಕ್ ಇನ್ನೊಂದು ತುದಿಗೆ. ತೆಂಗಿನಕಾಯಿ ತುರಿದು, ಹಸಿಮೆಣಸು ಹುರಿದು, ಅತ್ತ ಹೋಗಿ ಜಾರಿಗೆ ಹಾಕುವುದು. ಅರ್ಧ ತಿರುಗಿದ ಮೇಲೆ ನೀರು ಬೇಕೆಂದು ಇತ್ತ ಬರುವುದು. ರುಬ್ಬಿ ಆದ ಮೇಲೆ ಜಾರಿಗೆ ನೀರು ಹಾಕಿ ಅಲ್ಲಾಡಿಸಿ ಬಳಿದು ಪಾತ್ರೆಗೆ ಸುರಿದರೆ, ತಳದಿಂದ ತೊಟ್ಟಿಕ್ಕಿದ ಹನಿಗಳು ನೆಲದ ಉದ್ದಕ್ಕೂ ಸಾಲಾಗಿ ಬೀಳುತ್ತಿದ್ದವು. ಅದರ ಮೇಲೆ ಒಮ್ಮೆ ಅತ್ತೆಯವರ ಕಾಲು ಜಾರಿತು. ಮೂಳೆ ಮುರಿಯಲಿಲ್ಲ, ಆದರೆ ಹದಿನೈದು ದಿನ ಕುಂಟುತ್ತ ಓಡಾಡಿದರು. ಮರುವಾರವೇ ಗೋಡೆ ಒಡೆಸಿ ಪಾಯಿಂಟ್ ಬದಲಿಸಿದೆವು. ನನ್ನ ಅಜ್ಜಿಯ ಮನೆಯಲ್ಲಿ ಒರಳುಕಲ್ಲು ಮೋರಿಯ ಪಕ್ಕದಲ್ಲೇ ಇತ್ತು, ಕೈಗೆಟಕುವಷ್ಟು ದೂರದಲ್ಲಿ ನೀರಿನ ಕೊಡ. ಅಷ್ಟನ್ನು ನೆನಪಿಸಿಕೊಂಡಿದ್ದರೂ ನಮಗೆ ಆ ತಪ್ಪು ಆಗುತ್ತಿರಲಿಲ್ಲ.

ಹಾಗಾಗಿ ನಿಮ್ಮ ಪೂರ್ವದ ಕಟ್ಟೆಯ 10 ಅಡಿಯನ್ನು ಎಡದಿಂದ ಬಲಕ್ಕೆ ಹೀಗೆ ಹಂಚಿ. ಮೊದಲ ಒಂದೂವರೆ ಅಡಿ ಗ್ರೈಂಡರ್‌ಗೆ. ಆಮೇಲೆ ಎರಡು ಅಡಿ ಸಿಂಕ್. ಅದರ ಬಲಕ್ಕೆ ಎರಡೂವರೆ ಅಡಿ ಖಾಲಿ ಕಟ್ಟೆ. ಹೆಚ್ಚುವುದು ಅಲ್ಲೇ, ಮಿಕ್ಸಿ ಕೂರುವುದೂ ಅಲ್ಲೇ, ಗೋಡೆಗೆ ಒತ್ತಿಕೊಂಡು. ನಂತರ ಎರಡೂವರೆ ಅಡಿ ಒಲೆ. ಮೂಲೆಗೆ ಒಂದೂವರೆ ಅಡಿ ಉಳಿಯುತ್ತದೆ. ಒಲೆಯನ್ನು ಮೂಲೆಗೆ ಅಂಟಿಸಲು ಹೋಗಬೇಡಿ, ಬಲಗೈ ಮೊಣಕೈ ಆಡಲು ಆ ಜಾಗ ಬೇಕೇ ಬೇಕು. ಹಿರಿಯರು ಬಯಸುವಂತೆ ಒಲೆ ಆಗ್ನೇಯಕ್ಕೂ ನೀರು ಈಶಾನ್ಯದ ಕಡೆಗೂ ಬಂದಂತಾಯಿತು. ತೊಳೆದದ್ದು ಹೆಚ್ಚಲು, ಹೆಚ್ಚಿದ್ದು ರುಬ್ಬಲು, ರುಬ್ಬಿದ್ದು ಒಲೆಗೆ: ಎಲ್ಲವೂ ಒಂದೇ ದಿಕ್ಕಿಗೆ ಸಾಗುತ್ತದೆ. ಕಿಟಕಿ ಸಿಂಕ್ ಅಥವಾ ಹೆಚ್ಚುವ ಜಾಗದ ಎದುರಿಗಿರಲಿ. ಒಲೆಯ ಎದುರಿಗಿದ್ದರೆ ಗಾಳಿಗೆ ಉರಿ ಓಲಾಡುತ್ತದೆ.

ಗ್ರೈಂಡರ್ ಅನ್ನು ಕೆಳಗಿನ ಕಪಾಟಿನಲ್ಲಿಟ್ಟು ಬೇಕಾದಾಗ ತೆಗೆಯುತ್ತೇವೆ ಎಂದು ಮಾತ್ರ ಅಂದುಕೊಳ್ಳಬೇಡಿ. ಬಗ್ಗಿ ಆ ಭಾರ ಎತ್ತುವುದು ಸೊಂಟಕ್ಕೆ ಒಳ್ಳೆಯದಲ್ಲ. ಎರಡು ತಿಂಗಳು ಎತ್ತುತ್ತೀರಿ, ಮೂರನೆಯ ತಿಂಗಳಿಂದ ಅಂಗಡಿಯ ಹಿಟ್ಟು ಮನೆಗೆ ಬರುತ್ತದೆ. ಅದು ಕಟ್ಟೆಯ ಮೇಲೆ ಖಾಯಮ್ಮಾಗಿ ಇರಲಿ, ಸಿಂಕ್‌ಗೆ ತಾಗಿಕೊಂಡೇ ಇರಲಿ. ಪಾತ್ರೆಯನ್ನೂ ಕಲ್ಲುಗಳನ್ನೂ ಹೊತ್ತುಕೊಂಡು ನಡೆಯುವ ಪ್ರಮೇಯವೇ ಬರಬಾರದು.

ಇನ್ನು ಫ್ರಿಜ್. ಅಡುಗೆ ಮಾಡುವವರಿಗಿಂತ ಹೆಚ್ಚು ಸಲ ಅದನ್ನು ತೆರೆಯುವುದು ಉಳಿದವರು. ಮಕ್ಕಳು ತಣ್ಣೀರಿಗೆ, ಊಟಕ್ಕೆ ಕೂತವರು ಮೊಸರಿಗೆ. ಹಾಗಾಗಿ ದಕ್ಷಿಣದ ಕಟ್ಟೆ ಮುಗಿಯುವಲ್ಲಿ, ನೈರುತ್ಯದ ಮೂಲೆಗೆ, ಬಾಗಿಲಿಗೆ ಹತ್ತಿರ ಇಡಿ. ಕುದಿಯುವ ಎಣ್ಣೆಯ ಮುಂದೆ ಯಾರೂ ಹಾದುಹೋಗುವುದಿಲ್ಲ. ಇಲ್ಲೊಂದು ಎಚ್ಚರಿಕೆ. ಎದುರು ನಿಂತಾಗ ಬಲಕ್ಕೆ ಕೀಲು ಇರುವ ಫ್ರಿಜ್‌ಗಳೇ ಹೆಚ್ಚು. ನಿಮ್ಮ ಮನೆಯಲ್ಲಿ ಆ ಬದಿಗೇ ಗೋಡೆ ಬರುತ್ತದೆ. ಗೋಡೆಗೆ ಒತ್ತಿ ನಿಲ್ಲಿಸಿದರೆ ಬಾಗಿಲು ಪೂರ್ತಿ ತೆರೆಯದೆ ತರಕಾರಿ ಟ್ರೇ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಬದಿಗೆ ಕನಿಷ್ಠ ನಾಲ್ಕು ಅಂಗುಲ ಬಿಡಿ, ಹಿಂದೆಯೂ ಗಾಳಿಯಾಡಲು ಎರಡು ಮೂರು ಅಂಗುಲ.

ಓವನ್ ದಕ್ಷಿಣದ ಕಟ್ಟೆಯ ಮೇಲೆ, ಫ್ರಿಜ್‌ಗೆ ಹತ್ತಿರ. ಕಟ್ಟೆ ತುಂಬುತ್ತದೆ ಎಂದು ಅದನ್ನು ಫ್ರಿಜ್ ಮೇಲೆ ಏರಿಸಬೇಡಿ. ಬಿಸಿ ಬಟ್ಟಲನ್ನು ಹೆಗಲಿಗಿಂತ ಎತ್ತರದಿಂದ ಇಳಿಸುವುದು ಅಪಾಯ. ಚಪಾತಿ ಲಟ್ಟಿಸುವ ಜಾಗವನ್ನೂ ಇದೇ ಕಟ್ಟೆಯಲ್ಲಿ ಇಟ್ಟುಕೊಳ್ಳಿ. ಫಿಲ್ಟರ್ ಸಿಂಕ್‌ನ ಪಕ್ಕದ ಗೋಡೆಗೆ. ಆರ್‌ಒ ಆದರೆ ಅದು ಹೊರಹಾಕುವ ನೀರಿಗೆ ಪ್ರತ್ಯೇಕ ಕೊಳವೆ ಎಳೆಸಿ ಒಂದು ಬಕೆಟ್‌ಗೆ ಬಿಡಿ, ನೆಲ ಒರೆಸಲು ಆಗುತ್ತದೆ.

ಈಗ ಡಿಶ್‌ವಾಷರ್ ಇಲ್ಲ ಎಂದು ಬರೆದಿದ್ದೀರಿ. ಇಲ್ಲದಿದ್ದರೂ ಸಿಂಕ್‌ನ ಬಲಕ್ಕೆ ಕಟ್ಟೆಯ ಕೆಳಗೆ ಒಂದು ನಲ್ಲಿ, ನೀರು ಹೋಗಲು ದಾರಿ, ಒಂದು 16 ಆಂಪ್ ಪಾಯಿಂಟ್ ಮಾಡಿಸಿಡಿ. ದೊಡ್ಡ ಯಂತ್ರಗಳು 60 ಸೆಂ.ಮೀ. ಅಗಲ, ಸುಮಾರು 85 ಸೆಂ.ಮೀ. ಎತ್ತರ ಇರುತ್ತವೆ. ಮೇಸ್ತ್ರಿಗಳು ರೂಢಿಯಂತೆ 32 ಅಂಗುಲಕ್ಕೆ ಕಟ್ಟೆ ಏರಿಸಿಬಿಟ್ಟರೆ ಅದು ಒಳಗೆ ಹೋಗುವುದೇ ಇಲ್ಲ.

ಎಲೆಕ್ಟ್ರಿಷಿಯನ್‌ಗೆ ಹೇಳಬೇಕಾದ್ದು: ಮಿಕ್ಸಿ, ಗ್ರೈಂಡರ್, ಫಿಲ್ಟರ್‌ಗೆ 6 ಆಂಪ್ ಸಾಕು. ಓವನ್, ಇಂಡಕ್ಷನ್ ಒಲೆ, ಡಿಶ್‌ವಾಷರ್‌ಗೆ 16 ಆಂಪ್ ಬೇಕು, ಒಂದೊಂದಕ್ಕೂ ಪ್ರತ್ಯೇಕ ಲೈನ್, 4 ಚದರ ಮಿ.ಮೀ. ತಂತಿ. 2000 ವ್ಯಾಟ್‌ನ ಇಂಡಕ್ಷನ್ ಒಲೆ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪ್ ಎಳೆಯುತ್ತದೆ. 6 ಆಂಪ್ ಪಾಯಿಂಟ್‌ಗೆ ಸಿಕ್ಕಿಸಿದರೆ ಪ್ಲಗ್ ಬಿಸಿಯಾಗಿ ಕರಗಬಹುದು. ಬೋರ್ಡುಗಳು ಕಟ್ಟೆಯಿಂದ ಎಂಟು ಅಂಗುಲ ಮೇಲೆ ಬರಲಿ, ಒಲೆಯ ಹಿಂದೆ ಬೇಡ, ಸಿಂಕ್‌ನ ನೇರಕ್ಕೂ ಬೇಡ. ಅಡುಗೆಮನೆಯ ಲೈನ್‌ಗೆ 30 ಮಿಲಿ ಆಂಪ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಇದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಒದ್ದೆ ಕೈಯಲ್ಲಿ ಮಿಕ್ಸಿ ಮುಟ್ಟುವವರ ಜೀವ ಕಾಯುವುದು ಅದೇ.

ಸಿಲಿಂಡರ್ ಒಲೆಗಿಂತ ಕೆಳಗೆ ನೆಲದ ಮೇಲೆ ನೇರವಾಗಿ ನಿಲ್ಲಲಿ, ರಬ್ಬರ್ ಕೊಳವೆ ಒಂದೂವರೆ ಮೀಟರ್ ಮೀರದಿರಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡಿ ನಿಲ್ಲುತ್ತದೆ. ಆದ್ದರಿಂದ ಸಿಲಿಂಡರ್ ಇಡುವ ಕಪಾಟಿನ ಬಾಗಿಲಿಗೆ ಕೆಳಭಾಗದಲ್ಲಿ ಗಾಳಿಕಿಂಡಿ ಮಾಡಿಸಿ, ಒಳಗೆ ಯಾವ ಪ್ಲಗ್ಗೂ ಬೇಡ. ಚಿಮಣಿ ಒಲೆಯಿಂದ 26ರಿಂದ 30 ಅಂಗುಲ ಮೇಲೆ. ಅದರ ಹೊಗೆ ಕೊಳವೆಗೆ ಪೂರ್ವದ ಗೋಡೆಯಲ್ಲಿ ಈಗಲೇ ರಂಧ್ರ ಬಿಡಿಸಿ.

ಎಲೆಕ್ಟ್ರಿಷಿಯನ್ ಬರುವ ಹಿಂದಿನ ದಿನ ಮನೆಯಲ್ಲಿ ಅಡುಗೆ ಮಾಡುವವರೆಲ್ಲರನ್ನೂ ಅಲ್ಲಿಗೆ ಕರೆದುಕೊಂಡು ಹೋಗಿ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಇವನ್ನೆಲ್ಲ ಬರೆದು, ಒಂದು ಖಾಲಿ ಕುಕ್ಕರ್ ಹಿಡಿದು ಚಟ್ನಿಯಿಂದ ಸಾರಿನವರೆಗೆ ಮಾಡುವಂತೆ ಓಡಾಡಿ ನೋಡಲಿ. ನೀವು ಎಡಗೈಯವರಾದರೆ ಮಿಕ್ಸಿಯ ಜಾಗ ಆಗಲೇ ಅತ್ತಿತ್ತ ಸರಿಯಬಹುದು. ಪೈಪು ಕೂರಿಸಿದ ಮೇಲೆ, ಪ್ಲಾಸ್ಟರಿಂಗ್‌ಗೆ ಮುಂಚೆ, ಗೋಡೆಗೆ ಅಳತೆ ಟೇಪು ಹಿಡಿದು ಪ್ರತಿಯೊಂದು ಗೋಡೆಯ ಫೋಟೊ ತೆಗೆದಿಟ್ಟುಕೊಳ್ಳಿ. ಫಿಲ್ಟರ್ ತೂಗುಹಾಕಲು ಬರುವವರು ಡ್ರಿಲ್ ಹಿಡಿಯುವ ಮುನ್ನ ಆ ಫೋಟೊ ತೋರಿಸಿ.