ಟಿಕೆಟ್ ಬದಲು ಹಳೆ ಬಟ್ಟೆ ತರಿಸಬೇಡಿ, ನಾನು ತರಿಸಿ ನೋಡಿದ್ದೇನೆ

ಹಳೆ ಬಟ್ಟೆಯಿಂದ ಹೊಸ ಉಡುಪು ಮಾಡುವ ಪ್ರದರ್ಶನ, ಕೊನೆಗೊಂದು ರ‍್ಯಾಂಪ್ ವಾಕ್, ಅದೂ ಬೆಂಗಳೂರಿನ ರಾಜರಾಜೇಶ್ವರಿ ನಗರದ ನಿಮ್ಮ ಬಡಾವಣೆಯಲ್ಲಿ, ಏಪ್ರಿಲ್ 24ಕ್ಕೆ. ಒಳಗೆ ಬರುವವರಿಗೆ 50 ರೂಪಾಯಿ ಟಿಕೆಟ್ ಇಡುವುದೋ, ಇಲ್ಲ ಒಂದು ಚೀಲ ಹಳೆ ಬಟ್ಟೆ ತನ್ನಿ ಎನ್ನುವುದೋ ಎಂದು ಕೇಳಿದ್ದೀರಿ. ಎರಡನೆಯದನ್ನು ನಾನು ಮಾಡಿದ್ದೇನೆ. ಧಾರವಾಡದಲ್ಲಿ, 2019ರ ಅಕ್ಟೋಬರ್ 20, ಭಾನುವಾರ.

ನಾವು ಓಣಿಯ ಐದು ಜನ ಹೆಂಗಸರು. ಸಣ್ಣದೊಂದು ಸಭಾಂಗಣ, ಬಾಡಿಗೆ ಒಂಬತ್ತು ಸಾವಿರ, ಠೇವಣಿ ಐದು ಸಾವಿರ. ಹತ್ತು ಮೇಜು ಹಾಕಿದ್ದೆವು. ಒಂದರಲ್ಲಿ ಕಸೂತಿ, ಒಂದರಲ್ಲಿ ಇಳಕಲ್ ಸೀರೆ, ಇನ್ನೊಂದರಲ್ಲಿ ಹಳೆ ಜೀನ್ಸಿನಿಂದ ಚೀಲ ಹೊಲಿಯುವ ಇಬ್ಬರು ಕಾಲೇಜು ಹುಡುಗಿಯರು. ಹಳಿಯಾಳದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹಳೆ ಬಟ್ಟೆಯ ತುಂಡು ಜೋಡಿಸಿ ಹೊಲಿದ ಹೊದಿಕೆಗಳನ್ನು, ಅಂದರೆ ಕೌದಿಗಳನ್ನು ಪರಿಚಯದವರೊಬ್ಬರು ಗೋಡೆಗೆ ತೂಗುಹಾಕಲು ಕೊಟ್ಟಿದ್ದರು. ಮೂಲೆಯಲ್ಲಿ ಚಾಪೆಯ ಮೇಲೆ ನಮ್ಮ ಕಡೆಯ ಕೌದಿ ಹೊಲಿಯುವ ಅಜ್ಜಿಯೊಬ್ಬರನ್ನು ಕೂರಿಸಿದ್ದೆವು. ಪ್ರದರ್ಶನ ಚೆನ್ನಾಗಿಯೇ ಆಯಿತು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೇಳಬೇಕಾದದ್ದು ಪೋಸ್ಟರಿನ ಬಗ್ಗೆ.

ಪೋಸ್ಟರಿನ ಕೊನೆಯ ಸಾಲು ನಾನೇ ಬರೆದದ್ದು: 'ಪ್ರವೇಶ ಉಚಿತ. ಬರುವಾಗ ಒಂದು ಚೀಲ ಹಳೆ ಬಟ್ಟೆ ತನ್ನಿ.' ಈ ಸಾಲಿನ ಒಂದೊಂದು ಪದವೂ ನನ್ನನ್ನು ಬೇರೆಬೇರೆ ರೀತಿಯಲ್ಲಿ ಕಾಡಿದೆ. 'ಚೀಲ' ಎಂದಾಗ ನನ್ನ ತಲೆಯಲ್ಲಿದ್ದದ್ದು ಸಂತೆಗೆ ಒಯ್ಯುವ ಕೈಚೀಲ. ಜನರ ತಲೆಯಲ್ಲಿದ್ದದ್ದು 25 ಕೆಜಿಯ ಅಕ್ಕಿ ಚೀಲ. 'ಹಳೆ' ಎಂದರೆ ಉಟ್ಟು ಮೆತ್ತಗಾದದ್ದು ಎಂದುಕೊಂಡಿದ್ದೆ. ಬಂದದ್ದರಲ್ಲಿ ಜೋಡಿ ಇಲ್ಲದ ಕಾಲುಚೀಲ, ಒಳ ಉಡುಪು, ಎಣ್ಣೆ ಇಳಿದ ದಿಂಬಿನ ಚೀಲ, ಯಾವುದೋ ಕಂಪನಿಯ ಜಾಹೀರಾತಿರುವ ಟೀ ಶರ್ಟು. 'ಒಗೆದ' ಎನ್ನುವ ಪದ ಹಾಕಿರಲಿಲ್ಲ. ಯಾರಾದರೂ ಒಗೆಯದ ಬಟ್ಟೆಯನ್ನು ನಾಲ್ಕು ಜನರ ಮುಂದೆ ತರುತ್ತಾರೆಯೇ ಎಂದುಕೊಂಡಿದ್ದೆ. ತರುತ್ತಾರೆ. 'ಹತ್ತಿಯ' ಎಂದೂ ಹಾಕಿರಲಿಲ್ಲ.

ದಿನ ಹುಡುಕಿದವಳೂ ನಾನೇ. ಮರು ಭಾನುವಾರವೇ ದೀಪಾವಳಿ. ಇಡೀ ಧಾರವಾಡ ಕಪಾಟು ಖಾಲಿ ಮಾಡುವ ವಾರದಲ್ಲಿ 'ನಿಮಗೆ ಬೇಡವಾದದ್ದನ್ನು ನಮಗೆ ತಂದುಕೊಡಿ' ಎಂದು ಊರಿಗೆಲ್ಲ ಹೇಳಿದ್ದೆ! ಮಧ್ಯಾಹ್ನದ ಹೊತ್ತಿಗೆ ಪ್ರದರ್ಶನ ನೋಡದೆ, ಸ್ಕೂಟರ್ ಆರಿಸದೆ, ಬಾಗಿಲಲ್ಲೇ ಗಂಟು ಇಳಿಸಿ ಹೋಗುವವರು ಶುರುವಾದರು. ಒಬ್ಬರು ಕಾರಿನ ಡಿಕ್ಕಿ ತೆರೆದು, 'ಪುಣ್ಯಾ ಬರ್ತದ್ರೀ ನಿಮಗ, ಮನಿ ಹಗುರಾತು' ಎಂದು ಕೈ ಮುಗಿದರು.

ಆಗ ಕೌದಿ ಅಜ್ಜಿ ಎದ್ದು ಬಂದು ರಾಶಿಯೊಳಗೆ ಕೈ ಹಾಕಿದರು. ಹತ್ತು ನಿಮಿಷ ಕೆದಕಿ ಎರಡು ಸೀರೆ, ಒಂದು ಧೋತ್ರ ಹೊರಗೆಳೆದರು. 'ಅಕ್ಕಾರ, ಇದರಾಗ ಅರಿವಿ ಎಲ್ಲೈತ್ರಿ? ಇವೆಲ್ಲಾ ಪ್ಲಾಸ್ಟಿಕ್ ಅದಾವು. ಸೂಜಿ ಜಾರತೈತಿ, ಬೆವರು ಹೀರಂಗಿಲ್ಲ.' ನನಗೆ ನಂಬಿಕೆ ಬರಲಿಲ್ಲ. ಅಂಚಿನ ಎಳೆ ಕಿತ್ತು ಕಡ್ಡಿ ಗೀರಿ ನೋಡಿದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರಬೇಕು, ಬೂದಿ ಉದುರಬೇಕು. ಇಲ್ಲಿ ಕರಗಿ ಕಪ್ಪು ಮಣಿಯಾಗಿ ಗಟ್ಟಿಯಾಯಿತು. ಪಾಲಿಯೆಸ್ಟರ್. ಏಳು ಬಟ್ಟೆ ಸುಟ್ಟೆ, ಆರು ಮಣಿ.

ರಾತ್ರಿ ಒಂಬತ್ತಕ್ಕೆ ಸಭಾಂಗಣ ಬಿಡಬೇಕಿತ್ತು. ಬೆಳಿಗ್ಗೆ ಅಲ್ಲಿ ಯಾರದೋ ಮಗುವಿನ ನಾಮಕರಣ. ತುಂಬಿಸಿದರೆ 38 ಗೋಣಿಚೀಲ, ಗುಜರಿಯವನ ತಕ್ಕಡಿಯಲ್ಲಿ 610 ಕೆಜಿ. ಟೆಂಪೊ ಮೂರು ಸಲ ಓಡಿತು. ಬಿಟ್ಟದ್ದು ಹನ್ನೊಂದೂವರೆಗೆ, ಠೇವಣಿ ಹೋಯಿತು. ಚೀಲಗಳೆಲ್ಲ ನಮ್ಮ ಭಾವನವರ ಶೆಡ್ಡಿಗೆ ಬಂದವು. ಆ ವರ್ಷ ಅಕ್ಟೋಬರಿನಲ್ಲೂ ಮಳೆ ಬಿಟ್ಟಿರಲಿಲ್ಲ, ಶೆಡ್ಡಿನ ತಗಡು ಸೋರುತ್ತಿತ್ತು. ಮುಂದಿನದನ್ನು ಊಹಿಸಿಕೊಳ್ಳಿ. ಭಾವನವರು ದೀಪಾವಳಿಗೆ ನಮ್ಮ ಮನೆಗೆ ಬರಲಿಲ್ಲ.

ಕೊಡಲು ಹೊರಟಾಗ ನಿಜವಾದ ಪಾಠ. ಒಂದು ಆಶ್ರಮದವರು 'ಹೊಸ ಚಾದರ ಇದ್ದರೆ ಕೊಡಿ' ಎಂದರು. ಸರಿಯಾಗಿಯೇ ಹೇಳಿದರು. ಇನ್ನೊಂದು ಕಡೆ, ಆಗಸ್ಟಿನ ನೆರೆ ಸಂತ್ರಸ್ತರಿಗೆಂದು ಬಂದ ಹಳೆ ಬಟ್ಟೆಯೇ ಕೊಠಡಿ ತುಂಬಾ ಬಿದ್ದಿದೆ ಎಂದು ಬೀಗ ತೆಗೆದು ತೋರಿಸಿದರು. ಹುಬ್ಬಳ್ಳಿಯ ಚಿಂದಿ ವ್ಯಾಪಾರಿ ನಾಲ್ಕೇ ಚೀಲ ಆರಿಸಿಕೊಂಡ. ಗ್ಯಾರೇಜಿನಲ್ಲಿ ಕೈ ಒರೆಸಲು ಅವನಿಗೆ ಬೇಕಾದದ್ದು ಬನಿಯನ್ ವೇಸ್ಟ್, ಅಂದರೆ ಹತ್ತಿಯ ಬನಿಯನ್ ಬಟ್ಟೆಯ ಚಿಂದಿ. ಪಾಲಿಯೆಸ್ಟರ್ ಅವನಿಗೆ ಬೇಡವಾಗಿತ್ತು. ಹರಿಯಾಣದ ಪಾಣಿಪತ್‌ಗೆ ಕಳಿಸಿ ಎಂದು ಸಲಹೆ ಕೊಟ್ಟವರೂ ಇದ್ದರು. ಅಲ್ಲಿ ಹಳೆ ಉಣ್ಣೆ ಬಟ್ಟೆಯ ಗುಂಡಿ, ಜಿಪ್ ಕಿತ್ತು, ಬಣ್ಣವಾರು ವಿಂಗಡಿಸಿ, ಹಿಂಜಿ ಮತ್ತೆ ನೂಲು ತೆಗೆದು ಕಂಬಳಿ ಮಾಡುವುದು ನಿಜ. ಬಣ್ಣವಾರು ಇಡುವುದರಿಂದ ಮತ್ತೆ ಬಣ್ಣ ಹಾಕುವ ಖರ್ಚೂ ಇಲ್ಲ. ಆದರೆ ಅದು ಲಾರಿಗಟ್ಟಲೆಯ ಲೆಕ್ಕ. ನನ್ನ 34 ಚೀಲದಲ್ಲಿದ್ದ ಉಣ್ಣೆ ಎಂದರೆ ಎರಡು ಸ್ವೆಟರ್, ಒಂದು ಮಂಕಿ ಟೋಪಿ. ಕೊನೆಗೆ ಬಹುಪಾಲು ಕಸದ ಗಾಡಿಗೇ ಹೋಯಿತು, ಅದೂ ದಿನಕ್ಕೆರಡು ಚೀಲದಂತೆ, ಬೈಸಿಕೊಂಡು. ಅದೇ ಗಾಡಿಗೆ ಹಾಕುವುದಾಗಿದ್ದರೆ ಅವರವರ ಮನೆಯಿಂದಲೇ ಹಾಕಬಹುದಿತ್ತಲ್ಲ!

ಅದಕ್ಕೇ ನಿಮ್ಮ ಪ್ರಶ್ನೆಯ ಬುಡವೇ ನನಗೆ ಒಪ್ಪಿಗೆಯಿಲ್ಲ. ಟಿಕೆಟ್ಟೋ ಬಟ್ಟೆಯೋ ಎಂಬುದಲ್ಲ. ಬೇರೆಯವರ ಬಟ್ಟೆಯ ಹೊಣೆಯನ್ನು ನೀವೇಕೆ ಹೊರುತ್ತೀರಿ? ಕೌದಿ ನೋಡಿ. ನಮ್ಮವ್ವ ಕೌದಿಗೆ ಕೂತರೆ ಅದರೊಳಗೆ ಬರುತ್ತಿದ್ದದ್ದು ನಮ್ಮದೇ ಮನೆಯ ಸೀರೆ, ನಮ್ಮಪ್ಪನ ಧೋತ್ರ. ಯಾವುದು ಎಷ್ಟು ಸವೆದಿದೆ, ಯಾವುದರ ಬಣ್ಣ ಬಿಡುತ್ತದೆ ಎಲ್ಲ ಕೈಗೆ ಗೊತ್ತಿತ್ತು. ಸಿದ್ದಿ ಹೆಂಗಸರ ಕೌದಿಯೂ ಹಾಗೆಯೇ. ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ, ನಕ್ಷೆ ಬರೆದುಕೊಳ್ಳುವುದಿಲ್ಲ, ಕೈಗೆ ಸಿಕ್ಕ ತುಂಡೇ ನಕ್ಷೆ. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುತ್ತಾ ಓಣಿಗೆ ಬರುತ್ತಿದ್ದ ಹೆಂಗಸು ಕೂಡ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಚೌಕಾಶಿ ಮಾಡಿ, ಬೇಡದ್ದನ್ನು ನಮಗೇ ವಾಪಸ್ ಕೊಡುತ್ತಿದ್ದಳು. ಅವಳಿಗಿದ್ದ ಬುದ್ಧಿ ಎಂ.ಎ. ಮಾಡಿದ ನನಗಿರಲಿಲ್ಲ.

ಹಾಗಾಗಿ ರಿಪೇರಿ ದಿನ ಮಾಡಿ. ಜನ ತಂದದ್ದನ್ನು ಜನರೇ ಒಯ್ಯಬೇಕು, ಒಂದು ನೂಲೂ ನಿಮ್ಮ ಹತ್ತಿರ ಉಳಿಯಬಾರದು. ಇಬ್ಬರು ಟೈಲರ್‌ಗಳನ್ನು ದಿನದ ಕೂಲಿ ಕೊಟ್ಟು ಕೂರಿಸಿ. ಪುಕ್ಕಟೆ ಸೇವೆ ಎಂದು ಕರೆಯಬೇಡಿ, ಸಮಾಜಸೇವೆಯ ಹೆಸರಲ್ಲಿ ಅವರ ಒಂದು ದಿನದ ದುಡಿಮೆ ಕೀಳುವುದು ನನಗೆ ಸೇರುವುದಿಲ್ಲ. ರಫೂ ಮಾಡುವವರು, ಅಂದರೆ ಹರಿದ ಕಡೆ ಎಳೆ ಸೇರಿಸಿ ತೂತು ಮುಚ್ಚುವವರು, ಸಿಕ್ಕರೆ ಬಿಡಬೇಡಿ, ಅವರ ಮುಂದೆಯೇ ಎಲ್ಲಕ್ಕಿಂತ ಉದ್ದದ ಸಾಲು. ಪೋಸ್ಟರಿನಲ್ಲಿ ಹೀಗೆ ಬರೆಯಿರಿ: ಒಗೆದ ಎರಡು ಬಟ್ಟೆ ಮಾತ್ರ, ಹೋಗುವಾಗ ಎರಡನ್ನೂ ಒಯ್ಯಬೇಕು. ದುಡ್ಡು ಹೊಂದಿಸಲು 50 ರೂಪಾಯಿ ಟಿಕೆಟ್ ಇಡುತ್ತೀರಾದರೆ ಇಡಿ.

ಇನ್ನು ರ‍್ಯಾಂಪ್ ವಾಕ್. ಏಪ್ರಿಲ್ 24 ಎಂದಿರಿ. 2013ರ ಅದೇ ದಿನ ಢಾಕಾ ಹತ್ತಿರದ ಸಾವರ್‌ನಲ್ಲಿ ರಾಣಾ ಪ್ಲಾಜಾ ಕುಸಿದು 1,134 ಜನ ಸತ್ತರು, ಹೆಚ್ಚಿನವರು ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳು. ಆ ದಿನ ದೀಪ ಹಾಕಿ ಬೆಕ್ಕಿನ ನಡಿಗೆ ನಡೆಯಲು ನನ್ನ ಮನಸ್ಸಂತೂ ಒಪ್ಪುವುದಿಲ್ಲ. ನಿಮ್ಮ ಪಕ್ಕದಲ್ಲೇ ಮೈಸೂರು ರಸ್ತೆ ಇದೆ, ಗಾರ್ಮೆಂಟ್ಸ್ ಹೆಣ್ಣುಮಕ್ಕಳು ದಿನಾ ಅಲ್ಲೇ ಓಡಾಡುತ್ತಾರೆ. 2016ರ ಏಪ್ರಿಲ್‌ನಲ್ಲಿ ಪಿಎಫ್ (ಭವಿಷ್ಯ ನಿಧಿ) ಹಣ ಹಿಂಪಡೆಯುವ ನಿಯಮ ಬದಲಿಸಿದ್ದಕ್ಕೆ ಇವರೇ ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದು ಬೆಂಗಳೂರನ್ನು ನಿಲ್ಲಿಸಿದ್ದರು, ಕೇಂದ್ರ ಸರ್ಕಾರ ಆ ನಿಯಮ ಹಿಂದೆ ತೆಗೆದುಕೊಂಡಿತು. ಅವರಲ್ಲಿ ಒಬ್ಬರನ್ನು ಕರೆಸಿ, ಗೌರವಧನ ಕೊಟ್ಟು, ಒಂದು ಶರ್ಟಿನ ಕಾಲರು ಹೊಲಿದು ತೋರಿಸಿ ಎನ್ನಿ. ಗಂಟೆಗೆ ಎಷ್ಟು ಕಾಲರು ಹೊಲಿಯಬೇಕಿತ್ತು ಎಂದು ಅವರೇ ಹೇಳಲಿ.

ನಾವೀಗ ಫೆಬ್ರವರಿಯಲ್ಲಿ ಮಾಡುತ್ತೇವೆ, ದೀಪಾವಳಿಯಿಂದ ಆದಷ್ಟು ದೂರ. ಜಾಗ ನಮ್ಮ ಮನೆಯ ಮಾಳಿಗೆ, ಬಾಡಿಗೆ ಇಲ್ಲ. ಕೌದಿ ಅಜ್ಜಿ ಈಗಲೂ ಬರುತ್ತಾರೆ, ಆದರೆ ಕಡ್ಡಿಪೆಟ್ಟಿಗೆ ನನ್ನ ಕೈಯಲ್ಲಿಲ್ಲ, ಅವರ ಕೈಯಲ್ಲಿದೆ. ಕಳೆದ ಸಲ 23 ಜನ ಬಂದಿದ್ದರು, 41 ಬಟ್ಟೆ ರಿಪೇರಿಯಾದವು. ಸಂಜೆ ಗುಡಿಸಿದಾಗ ಉಳಿದದ್ದು ಎರಡು ಹಿಡಿ ಚಿಂದಿ, ಒಂದು ಛತ್ರಿ. ಛತ್ರಿ ಯಾರದೆಂದು ಇನ್ನೂ ಗೊತ್ತಾಗಿಲ್ಲ.